ಬಂಗುಡೆಯ ಊರಿನಲ್ಲಿ ಎರಡು ದಿನ

ಶುಕ್ರವಾರ ರಾತ್ರಿ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಸ್ಟೇಷನ್‌ನಲ್ಲಿ ರೈಲು ಹತ್ತಿದಾಗ ಸಂಜೆ ಏಳು ಗಂಟೆ. ಹೆಗಲಿಗೆ ಒಂದೇ ಬ್ಯಾಗು. ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಒಂದು ನೀರಿನ ಬಾಟಲಿ. ಕೆಟಿಎಕ್ಸ್ ಅನ್ನುವ ವೇಗದ ರೈಲು ಬೂಸಾನ್‌ವರೆಗಿನ ಸುಮಾರು ನಾನೂರು ಕಿಲೋಮೀಟರ್ ದೂರವನ್ನು ಎರಡೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಕಿಟಕಿಯ ಹೊರಗೆ ಬರೀ ಕತ್ತಲೆ. ಸುಮ್ನೆ ಕೂತು ಸಣ್ಣಗೆ ನಿದ್ದೆ ಮಾಡಿದೆ.

ಬೂಸಾನ್‌ಗೆ ಇದು ನನ್ನ ಎರಡನೇ ಸಲ. ಹೋದ ವರ್ಷ ಆಫೀಸಿನವರ ಜೊತೆ ಬಂದಿದ್ದೆ. ಹೈಉಂಡೇ ಬೀಚು, ಎತ್ತರದ ಗಾಜಿನ ಕಟ್ಟಡಗಳು, ಒಂದು ರಾತ್ರಿ ಊಟ, ವಾಪಸು. ಕೊರಿಯಾದ ಎರಡನೇ ದೊಡ್ಡ ಊರು ಇದು, 30 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಆದರೆ ಹೋಗಿಬಂದೆ ಅಂತ ಹೇಳಿಕೊಳ್ಳುವಷ್ಟೂ ನೋಡಿರಲಿಲ್ಲ. ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ಆಫೀಸಿನ ಹಿರಿಯರೊಬ್ಬರು ಅವರ ಅಜ್ಜಿಯ ಮಾತು ತೆಗೆದರು. ಉತ್ತರ, ದಕ್ಷಿಣ ಕೊರಿಯಾಗಳ ಯುದ್ಧ ಶುರುವಾದ ವರ್ಷ ಅಜ್ಜಿ ಉತ್ತರದ ಕಡೆಯಿಂದ ಒಂದು ಗಂಟು ಹೊತ್ತುಕೊಂಡು ಬೂಸಾನ್‌ಗೆ ಬಂದವರಂತೆ. "ಮೂರು ದಿನ ಇದ್ದು ವಾಪಸು ಹೋಗೋದು ಅಂತ ಬಂದಿದ್ದರು. ಅರವತ್ತು ವರ್ಷ ಇದ್ದರು" ಅಂದರು. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಈ ಸಲ ಹೈಉಂಡೇ ಬೇಡ, ಆ ಅಜ್ಜಿ ಬಂದಿಳಿದ ಬೂಸಾನ್ ನೋಡಬೇಕು ಅಂದುಕೊಂಡೆ. ಕೇಳಿದರೆ ಯಾರೂ ಜೊತೆಗೆ ಬರಲಿಲ್ಲ. ಒಬ್ಬಳೇ ಹೊರಟೆ.

ಉಳಿದುಕೊಂಡಿದ್ದು ನಾಂಪೊ ಬೀದಿಯ ಹತ್ತಿರದ ಒಂದು ಸಣ್ಣ ಗೆಸ್ಟ್‌ಹೌಸ್‌ನಲ್ಲಿ. ಬ್ಯಾಗು ಇಟ್ಟು ನೇರವಾಗಿ ಬುಪ್ಯೊಂಗ್ ಕಾಂಗ್‌ತೊಂಗ್ ಸಂತೆಗೆ ನಡೆದೆ. ಕಾಂಗ್‌ತೊಂಗ್ ಅಂದರೆ ತಗಡಿನ ಡಬ್ಬಿ. ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಿಂದ ಹೊರಬಂದ ಡಬ್ಬಿ ತಿನಿಸುಗಳನ್ನು ಇಲ್ಲಿ ಮಾರುತ್ತಿದ್ದರು, ಹೆಸರು ಹಾಗೇ ನಿಂತಿದೆ. ಈಗ ರಾತ್ರಿ ಹೊತ್ತು ಸಾಲಾಗಿ ತಳ್ಳುಗಾಡಿಗಳು. ನಾನು ಬೀಜ ತುಂಬಿದ ಹೊತೊಕ್ ತಿಂದೆ. ದಪ್ಪ ಒಬ್ಬಟ್ಟಿನ ಥರ ಇರುತ್ತದೆ. ಒಳಗೆ ಸಕ್ಕರೆ, ದಾಲ್ಚಿನ್ನಿ. ಎಣ್ಣೆಯಲ್ಲಿ ಕಾಯಿಸಿ ತೆಗೆದು, ಕತ್ತರಿಯಿಂದ ಹೊಟ್ಟೆ ಸೀಳಿ, ಸೂರ್ಯಕಾಂತಿ ಬೀಜ, ಕುಂಬಳದ ಬೀಜ ಒಂದು ಚಮಚ ತುಂಬಿ ಕೈಗೆ ಕೊಡುತ್ತಾರೆ. ಬಾಯಿ ಸುಟ್ಟಿತು. ಇನ್ನೊಂದು ತಗೊಂಡೆ.

ಶನಿವಾರ

ಬೆಳಿಗ್ಗೆ ಆರೂವರೆಗೇ ಜಾಗಾಲ್ಚಿ ಮೀನು ಮಾರುಕಟ್ಟೆಗೆ ಹೋದೆ. ನಮ್ಮ ಊರು ಗಂಗೊಳ್ಳಿ. ಅಮ್ಮ ಮೂವತ್ತು ವರ್ಷದಿಂದ ಬಂದರಿನಲ್ಲಿ ಮೀನು ಮಾರುವವರು. ಹಾಗಾಗಿ ಮೀನು ಮಾರುಕಟ್ಟೆ ಅಂದರೆ ನನಗೆ ನೋಡುವ ಜಾಗ ಅನ್ನಿಸುವುದಿಲ್ಲ, ಮನೆಯ ಜಗುಲಿ ಅನ್ನಿಸುತ್ತದೆ. ಕಾಲಿಗೆ ನೀರು ತಾಗಿದ ಕೂಡಲೇ ಮನಸ್ಸು ಹಗುರ ಆಯಿತು.

ಜಾಗಾಲ್ ಅಂದರೆ ಕೊರಿಯನ್ನಿನಲ್ಲಿ ಬೆಣಚುಕಲ್ಲು. ಮೊದಲು ಇಲ್ಲಿ ಕಲ್ಲು ತುಂಬಿದ ದಡ ಇತ್ತಂತೆ. ಆ ದಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರಲ್ಲಿ ಹೆಂಗಸರೇ ಜಾಸ್ತಿ. ಈಗಲೂ ಹಾಗೇ. ಈ ಕಡೆಯ ಮಾತಿನಲ್ಲಿ ಅವರನ್ನು 'ಜಾಗಾಲ್ಚಿ ಅಜಿಮೆ' ಅನ್ನುತ್ತಾರೆ. ಅಜಿಮೆ ಅಂದರೆ ಆಂಟಿ, ಅಕ್ಕ ಎರಡೂ ಸೇರಿದ ಹಾಗೆ. ತಲೆಗೆ ಬಟ್ಟೆ, ಕೈಗೆ ಕೆಂಪು ರಬ್ಬರ್ ಗವಸು, ಮೊಣಕಾಲಿನವರೆಗೆ ಬೂಟು. ಗಂಟಲು ಮಾತ್ರ ಥೇಟ್ ನಮ್ಮ ಬಂದರಿನದೇ.

ಇಲ್ಲಿನ ಕೂಗು ಕೇಳಿ ನಾನು ನಿಂತುಬಿಟ್ಟೆ. "ಓಯಿಸೊ, ಬೊಯಿಸೊ, ಸಾಯಿಸೊ!" ಬನ್ನಿ, ನೋಡಿ, ಕೊಳ್ಳಿ ಅಂತ ಅರ್ಥ, ಬೂಸಾನ್ ಕಡೆಯ ಮಾತು. ಕನ್ನಡದ ಕಿವಿಗೆ ಆ ಕೊನೆಯದು ಬೇರೆಯೇ ಕೇಳುತ್ತದಲ್ವಾ! ಅಷ್ಟು ಹೊತ್ತಿಗೆ ಸರಿಯಾಗಿ ಎದುರಿನ ಅಜಿಮೆ ಒಂದು ಹಾವುಮೀನನ್ನು ಹಲಗೆಗೆ ಮೊಳೆಯಿಂದ ಚುಚ್ಚಿ ಒಂದೇ ಎಳೆತಕ್ಕೆ ಚರ್ಮ ಬಿಡಿಸಿದರು. ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅವರೂ ನಕ್ಕರು.

ನಮ್ಮ ನಂಗು ಮೀನಿನ ದೊಡ್ಡ ಬಂಧುಗಳಂಥ ಚಪ್ಪಟೆ ಮೀನು, ಬೊಂಡಾಸ, ಅಷ್ಟಪದಿ, ಹೆಸರೇ ಗೊತ್ತಿಲ್ಲದ ಕಿತ್ತಳೆ ಬಣ್ಣದ ಮುಳ್ಳುಮುಳ್ಳಿನ ಜೀವಿ. ಎಲ್ಲ ದಾಟಿಕೊಂಡು ಹೋದ ಮೇಲೆ ಕಂಡಿತು, ಬಂಗುಡೆ. ಬುಟ್ಟಿಬುಟ್ಟಿ ಬಂಗುಡೆ. ಇಲ್ಲಿ ಗೊದುಂಗೊ ಅನ್ನುತ್ತಾರೆ. ಬೂಸಾನ್ ತನ್ನ ಊರಿನ ಮೀನು ಅಂತ ಆರಿಸಿಕೊಂಡಿರುವುದು ಇದನ್ನೇ. ಕೊರಿಯಾದ ಹೆಚ್ಚಿನ ಬಂಗುಡೆ ಬಂದು ಇಳಿಯುವುದೂ ಈ ಊರಿನ ಬಂದರಿನಲ್ಲೇ. ಅಕ್ಟೋಬರ್ ಕೊನೆ, ಮೀನು ಕೊಬ್ಬಿ ತುಂಬಿಕೊಳ್ಳುವ ಕಾಲ.

ಹೊಟ್ಟೆ ಹಸಿದಿತ್ತು. ಒಂದು ಹೋಟೆಲಿಗೆ ಹೋದರೆ ಬಾಗಿಲಲ್ಲೇ ಎರಡು ಬೆರಳು ತೋರಿಸಿದರು. ಇಬ್ಬರಾದರೆ ಮಾತ್ರ. ಕೊರಿಯಾದಲ್ಲಿ ಒಬ್ಬರೇ ತಿರುಗುವವರಿಗೆ ಇದು ಮಾಮೂಲು. ಎಷ್ಟೋ ಅಡುಗೆ ಇಬ್ಬರ ಲೆಕ್ಕದಲ್ಲೇ ಮಾಡುತ್ತಾರೆ. ಗೊತ್ತಿದ್ದೂ ಬೇಜಾರಾಯಿತು. ಬೆಳಿಗ್ಗೆ ಬೆಳಿಗ್ಗೆ ಯಾರಾದರೂ ಹೋಗು ಅಂದರೆ ಯಾರಿಗಾದರೂ ಆಗುತ್ತೆ. ಹಿಂದಿನ ಓಣಿಗೆ ತಿರುಗಿದೆ. ಅಲ್ಲಿ ರಸ್ತೆಯ ಮೇಲೇ ದೊಡ್ಡ ಕಬ್ಬಿಣದ ಕಾವಲಿ ಇಟ್ಟುಕೊಂಡು ಒಬ್ಬರು ಮೀನು ಸುಡುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. "ಇಮೋ, ಒಬ್ಬಳೇ ಇದ್ದೀನಿ, ಆಗುತ್ತಾ?" ಅಂತ ಕೇಳಿದೆ. ಇಮೋ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. ಹೋಟೆಲಿನ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ, ನಾವು ಚಿಕ್ಕಮ್ಮ ಅಂದ ಹಾಗೆ. ಅವರು ಮಾತಾಡಲಿಲ್ಲ. ಸ್ಟೂಲು ಒರೆಸಿ ನನ್ನ ಕಡೆ ತಳ್ಳಿದರು.

ಅವರು ಮಾಡಿದ್ದನ್ನು ಪೂರ್ತಿ ನೋಡಿದೆ. ಬಂಗುಡೆಯನ್ನು ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿದ್ದಾರೆ. ನಾವು ಹೊಟ್ಟೆ ಸೀಳಿ, ಎರಡೂ ಬದಿಗೆ ಗೀರು ಹಾಕಿ ಮಸಾಲೆ ಮೆತ್ತುವವರು. ಇಲ್ಲಿ ಬರೀ ದಪ್ಪ ಉಪ್ಪು. ಮೊದಲು ಚರ್ಮದ ಬದಿ ಕೆಳಗೆ. ಒತ್ತುವುದಿಲ್ಲ, ಅಲ್ಲಾಡಿಸುವುದಿಲ್ಲ. ಅಂಚಿನಲ್ಲಿ ಕೊಬ್ಬು ಕರಗಿ ಸಣ್ಣಗೆ ಗುಳ್ಳೆ ಬರುತ್ತದೆ, ಚರ್ಮ ತಾನೇ ಕಾವಲಿ ಬಿಡುತ್ತದೆ, ಆಮೇಲೆ ಒಂದೇ ಸಲ ಮಗುಚುವುದು. ಈ ಊರಿನಲ್ಲಿ ಇದಕ್ಕೆ ಗೊಗಾಲ್ಬಿ ಅನ್ನುವ ಹೆಸರೂ ಇದೆ. ಗಾಲ್ಬಿ ಅಂದರೆ ಪಕ್ಕೆಲುಬಿನ ಮಾಂಸ, ದುಬಾರಿ. ಅದಕ್ಕೆ ದುಡ್ಡಿಲ್ಲದ ವಿದ್ಯಾರ್ಥಿಗಳು ಬಂಗುಡೆಗೇ ಆ ಹೆಸರಿಟ್ಟರಂತೆ. ಬಿಸಿ ಅನ್ನ, ತಿಳಿ ಸಾರು, ಕಿಮ್ಚಿ. ಮೆಣಸಿನ ಮಸಾಲೆ ಇಲ್ಲದ ಬಂಗುಡೆ ಇಷ್ಟು ರುಚಿ ಇರಬಹುದು ಅಂತ ನಾನು ನಂಬಿರಲಿಲ್ಲ. ಮುಳ್ಳು ಮಾತ್ರ ಉಳಿಸಿದೆ. ಇಮೋ ನನ್ನ ತಟ್ಟೆ ನೋಡಿ, ಸಮುದ್ರದ ಊರಿನವಳಾ ಅಂತ ಕೇಳಿದರು. ಹೌದು ಅಂದೆ.

ಮಧ್ಯಾಹ್ನ ಎರಡು ಗಂಟೆಗೆ ಯೊಂಗ್‌ದೊ ಸೇತುವೆ. ಇದಕ್ಕೇ ಶನಿವಾರ ನೋಡಿ ಬಂದಿದ್ದು. ಮಾರುಕಟ್ಟೆಯ ಪಕ್ಕದಲ್ಲೇ ಇದೆ. ಎದುರಿನ ಯೊಂಗ್‌ದೊ ದ್ವೀಪವನ್ನು ಊರಿಗೆ ಸೇರಿಸಿದ ಮೊದಲ ಸೇತುವೆ, 1934ರಲ್ಲಿ ಜಪಾನಿಯರು ಇಲ್ಲಿ ಆಳುತ್ತಿದ್ದ ಕಾಲದ್ದು. ಕೆಳಗೆ ಹಡಗು ದಾಟಲಿ ಅಂತ ಒಂದು ಬದಿ ಮೇಲೆ ಏಳುತ್ತಿತ್ತು. ವಾಹನ ಜಾಸ್ತಿಯಾಗಿ 1966ರಲ್ಲಿ ಏಳುವುದು ನಿಂತಿತು. ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ಎಬ್ಬಿಸಿದರು. ಈಗ ವಾರಕ್ಕೊಮ್ಮೆ, ಶನಿವಾರ ಎರಡು ಗಂಟೆಗೆ, ಹದಿನೈದು ನಿಮಿಷ.

ಈ ಸೇತುವೆಯ ಕಥೆ ಕೇಳಿದವರಿಗೆ ಇದು ಬರೀ ಕಬ್ಬಿಣ ಅನ್ನಿಸುವುದಿಲ್ಲ. 1950ರಲ್ಲಿ ಯುದ್ಧ ಶುರುವಾದಾಗ ಜನ ದಕ್ಷಿಣಕ್ಕೆ ಓಡಿದರು. ದಾರಿಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಬೂಸಾನ್ ನೋಡದವರಿಗೂ ಏಳುವ ಸೇತುವೆ ಇದೆ ಅನ್ನುವುದು ಗೊತ್ತಿತ್ತು. ಅದಕ್ಕೇ ಬೇರೆಯಾಗುವಾಗ ಎಲ್ಲರೂ ಹೇಳಿಕೊಂಡದ್ದು ಒಂದೇ ಮಾತು: ತಪ್ಪಿಸಿಕೊಂಡರೆ ಯೊಂಗ್‌ದೊ ಸೇತುವೆ ಹತ್ತಿರ ಸಿಗೋಣ. ಸಾವಿರಾರು ಜನ ಇಲ್ಲಿಗೆ ಬಂದು, ಕಂಬಗಳಿಗೆ ಹೆಸರು ಬರೆದ ಚೀಟಿ ಅಂಟಿಸಿ, ದಿನಾ ಕಾದರು. ಸೇತುವೆಯ ಕೆಳಗೆ ಕಣಿ ಹೇಳುವವರ ಒಂದು ಓಣಿಯೇ ಹುಟ್ಟಿಕೊಂಡಿತು. ನನ್ನ ಮಗ ಬದುಕಿದ್ದಾನಾ, ಯಾವ ದಿಕ್ಕಿನಲ್ಲಿದ್ದಾನೆ ಅಂತ ಕೇಳುವವರು ಅಷ್ಟು ಜನ ಇದ್ದರು.

ಎರಡಕ್ಕೆ ಐದು ನಿಮಿಷ ಇರುವಾಗ ಸೈರನ್ ಕೂಗಿತು. ಬಸ್ಸು, ಕಾರು ಎಲ್ಲ ನಿಂತವು. ಹಳೆಯ ಹಾಡೊಂದು ಹಾಕಿದರು. ಮೂವತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದದ ರಸ್ತೆ, ಬಿಳಿ ಗೆರೆಗಳ ಸಮೇತ, ನಿಧಾನಕ್ಕೆ ಎದ್ದು ಆಕಾಶಕ್ಕೆ ಮುಖ ಮಾಡಿ ನಿಂತಿತು. ಅಡಿಯಲ್ಲಿ ಸಮುದ್ರಹಕ್ಕಿಗಳ ಚಿತ್ರ ಬಿಡಿಸಿದ್ದಾರೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಮುಂದೆ ನಿಂತಿದ್ದ ಒಬ್ಬ ತಾತ ಮಾತ್ರ ಸೇತುವೆ ನೋಡುತ್ತಿರಲಿಲ್ಲ. ಸುತ್ತ ನೆರೆದಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅವರ ಕಥೆ ಏನೋ ನನಗೆ ಗೊತ್ತಿಲ್ಲ. ಕೇಳುವಷ್ಟು ಭಾಷೆಯೂ ಬರುವುದಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ರಸ್ತೆ ಇಳಿದ ಮೇಲೆ ಅದರ ಮೇಲೆಯೇ ನಡೆದು ದ್ವೀಪ ಸೇರಿದೆ. ಬಲಕ್ಕೆ ಹಡಗು ರಿಪೇರಿ ಮಾಡುವ ಕೇರಿ, ಕಾಂಗ್‌ಕಾಂಗಿ ಅಂತ ಹೆಸರು. ಹಡಗಿನ ಮೈಗೆ ಅಂಟಿದ ತುಕ್ಕು, ಚಿಪ್ಪುಗಳನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುವ 'ಕಾಂಗ್ ಕಾಂಗ್' ಸದ್ದೇ ಹೆಸರಾಗಿದೆ. ಅದನ್ನು ಮಾಡುತ್ತಿದ್ದವರು ಹೆಂಗಸರು. ಹಗ್ಗಕ್ಕೆ ಹಲಗೆ ಕಟ್ಟಿಕೊಂಡು, ಹಡಗಿನ ಪಕ್ಕಕ್ಕೆ ತೂಗಾಡುತ್ತ, ಬೆಳಗಿಂದ ಸಂಜೆವರೆಗೆ ಕುಟ್ಟುವುದು. ಎಷ್ಟೋ ಜನರ ಕಿವಿ ಹೋಯಿತು. ಆ ದುಡ್ಡಿನಲ್ಲಿ ಮಕ್ಕಳು ಓದಿದರು. ನಮ್ಮಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದು ಅಡಿ ಕೆರೆಯುತ್ತಾರೆ. ಆ ತುಕ್ಕು, ಬಣ್ಣ, ಡೀಸೆಲ್ ಸೇರಿದ ವಾಸನೆ ಇಲ್ಲಿ ಹಾಗೇ ಇತ್ತು. ಗೋಡೆಯೊಂದರ ಮೇಲೆ ಹಣೆ ತುಂಬ ಗೆರೆಗಳಿರುವ ಒಬ್ಬ ಅಜ್ಜಿಯ ಮುಖ ಬರೆದಿದ್ದಾರೆ, ಕಟ್ಟಡದಷ್ಟು ಎತ್ತರ. ಬೀದಿಯಲ್ಲಿ ಯಾರೂ ಇರಲಿಲ್ಲ. ಅದರ ಕೆಳಗೆ ತುಂಬ ಹೊತ್ತು ನಿಂತೆ.

ಅಲ್ಲಿಂದ ಬಸ್ಸು ಹಿಡಿದು ದ್ವೀಪದ ತುದಿ, ತೇಜೊಂಗ್‌ದೇ. ಎಲ್ಲರೂ ಬರುವುದು ಬಂಡೆ, ದೀಪಸ್ತಂಭ ನೋಡಲಿಕ್ಕೆ. ನಾನೂ ನೋಡಿದೆ, ಚೆನ್ನಾಗಿದೆ. ನನಗೆ ಮುಖ್ಯವಾದದ್ದು ಇನ್ನೊಂದು ಕಲ್ಲು. ಯುದ್ಧದ ಕಾಲದಲ್ಲಿ ವೈದ್ಯರನ್ನು ಕಳಿಸಿದ ಐದು ದೇಶಗಳ ನೆನಪಿಗೆ 1976ರಲ್ಲಿ ಇಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಇಟಲಿ, ಭಾರತ. ನಮ್ಮವರು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ದಳ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅದರ ಮುಖ್ಯಸ್ಥರು. 1950ರ ನವೆಂಬರಿನಲ್ಲಿ ಇದೇ ಬೂಸಾನ್‌ನಲ್ಲಿ ಹಡಗಿಳಿದರು. ಕೊರಿಯಾದ ಆ ಚಳಿಯಲ್ಲಿ ಸೈನಿಕರಿಗೂ ಊರಿನವರಿಗೂ ಚಿಕಿತ್ಸೆ ಮಾಡಿದರು.

ಕನ್ನಡನಾಡಿನವರಿಗೆ ಇನ್ನೂ ಹತ್ತಿರದ ಹೆಸರೊಂದಿದೆ. 1953ರಲ್ಲಿ ಯುದ್ಧ ನಿಂತ ಮೇಲೆ, ವಾಪಸು ಹೋಗಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡುವುದು ಅನ್ನುವ ಕಷ್ಟದ ಪ್ರಶ್ನೆ ಬಂತು. ಅದಕ್ಕಾಗಿ ಮಾಡಿದ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರಾಗಿ ಬಂದವರು ಮಡಿಕೇರಿಯ ಜನರಲ್ ತಿಮ್ಮಯ್ಯ. ಆಗಿನ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲಕ್ಕೆ ಕಾಲಿಡಬಾರದು ಅಂದರು. ನಮ್ಮವರನ್ನು ಹೆಲಿಕಾಪ್ಟರಿನಲ್ಲಿ ನೇರವಾಗಿ ಗಡಿಯ ನಡುವಿನ ಪಟ್ಟಿಗೆ ಇಳಿಸಬೇಕಾಯಿತು. ಅಷ್ಟು ಅನುಮಾನದ ನಡುವೆ ತಿಮ್ಮಯ್ಯನವರು ಆ ಕೆಲಸ ಮುಗಿಸಿದರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಕೊಡಗಿಗೆ ಹೋದವರು ಅಬ್ಬಿ ಜಲಪಾತಕ್ಕೆ ಹೋಗುವಾಗ ಅಲ್ಲಿಗೂ ಒಂದು ಗಂಟೆ ಕೊಡಿ.

ರಾತ್ರಿ ಗ್ವಾಂಗಲ್ಲಿ ಬೀಚು. 2003ರಲ್ಲಿ ತೆರೆದ ಗ್ವಾಂಗಾನ್ ಸೇತುವೆಗೆ ಬಣ್ಣಬಣ್ಣದ ದೀಪ. ಶನಿವಾರ ಅಂತ ಆಕಾಶದಲ್ಲಿ ಡ್ರೋನ್‌ಗಳ ಆಟವೂ ಇತ್ತು. ಸಿಕ್ಕಾಪಟ್ಟೆ ಜನ. ಮರಳಿನ ಮೇಲೆ ಒಬ್ಬಳೇ ಕೂತು ಕಾಲು ಒತ್ತಿಕೊಂಡೆ. ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ "ಅಪ್ಪಾ! ಅಪ್ಪಾ!" ಅಂತ ಓಡಿದಳು. ಕೊರಿಯನ್ನಿನಲ್ಲೂ ಅಪ್ಪನಿಗೆ ಅಪ್ಪ ಅಂತಲೇ ಅನ್ನುತ್ತಾರೆ. ಗೊತ್ತಿರುವ ವಿಷಯವೇ, ಆದರೂ ಪ್ರತಿ ಸಲ ತಿರುಗಿ ನೋಡುತ್ತೇನೆ.

ಭಾನುವಾರ

ಬೆಳಿಗ್ಗೆ ತೊಸೊಂಗ್ ಮೆಟ್ರೊ ಸ್ಟೇಷನ್ ಹತ್ತಿರದಿಂದ ಪುಟ್ಟ ಬಸ್ಸು ಹತ್ತಿದೆ. ಬೆಟ್ಟದ ಮೇಲೆ ಸೊಂಟ ತಿರುಗಿಸಿಕೊಂಡು ಏರುತ್ತದೆ. ಎಲ್ಲರೂ ಗಾಮ್‌ಚೊನ್‌ಗೆ ಹೋಗುವವರು, ಬಣ್ಣದ ಮನೆಗಳ ಹಳ್ಳಿ. ನಾನು ಅದಕ್ಕಿಂತ ಮುಂಚೆಯೇ, ಆಮಿದೊಂಗ್‌ನಲ್ಲಿ ಇಳಿದೆ.

ಇಲ್ಲಿ ಮೊದಲು ಜಪಾನಿಯರ ಸ್ಮಶಾನ ಇತ್ತು. 1945ರಲ್ಲಿ ಅವರು ಊರು ಬಿಟ್ಟರು, ಸಮಾಧಿಗಳು ಉಳಿದವು. ಐದು ವರ್ಷಕ್ಕೆ ಯುದ್ಧ. ಕೆಳಗಿನ ಊರಿನಲ್ಲಿ ಕಾಲಿಡಲು ಜಾಗ ಇಲ್ಲ. ಬೆಟ್ಟ ಹತ್ತಿದ ಜನಕ್ಕೆ ಸಿಕ್ಕಿದ ಸಮತಟ್ಟು ನೆಲ ಅಂದರೆ ಸಮಾಧಿಗಳದ್ದು ಮಾತ್ರ. ಸಮಾಧಿಯ ಕಟ್ಟೆಯೇ ಪಾಯ, ಸಮಾಧಿಯ ಕಲ್ಲೇ ಗೋಡೆ. ಒಂದು ಸಮಾಧಿಯಷ್ಟು ಅಗಲದ ಮನೆಗಳು.

ಓಣಿ ಎಷ್ಟು ಇಕ್ಕಟ್ಟು ಅಂದರೆ ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಒರಗಬೇಕು. ಒಂದು ಮನೆಯ ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದರು. ಬಗ್ಗಿ ನೋಡಿದೆ. ಅದರ ಅಡಿಯ ಕಲ್ಲಿನಲ್ಲಿ ಕೆತ್ತಿದ ಅಕ್ಷರ, ಮಳೆಗೆ ಸವೆದಿದೆ, ಅರ್ಧ ಸಿಮೆಂಟಿನಲ್ಲಿ ಹುಗಿದಿದೆ. ಪಕ್ಕದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮೆಟ್ಟಿಲಲ್ಲಿ ಇನ್ನೊಂದು ಕಲ್ಲು. ಹಬ್ಬದ ದಿನ ತಮ್ಮ ಹಿರಿಯರಿಗೆ ಎಡೆ ಇಡುವಾಗ ಈ ಅಪರಿಚಿತರಿಗೂ ಒಂದು ಬಟ್ಟಲು ಅನ್ನ ಇಡುವ ಅಜ್ಜಿಯರು ಇಲ್ಲಿದ್ದರಂತೆ. ಆಳಿದವರ ಸಮಾಧಿ, ಅದರ ಮೇಲೆ ಮನೆ ಕಟ್ಟಿಕೊಂಡ ಬಡವರು, ಅವರಿಂದ ಇವರಿಗೆ ಅನ್ನ. ನನಗೆ ಗಂಟಲು ಕಟ್ಟಿತು. ಜನ ಈಗಲೂ ವಾಸ ಇರುವ ಮನೆಗಳಿವು. ಫೋಟೋ ತೆಗೆಯಲಿಲ್ಲ, ಮೆಲ್ಲಗೆ ನಡೆದು ಬಂದೆ.

ಗಾಮ್‌ಚೊನ್‌ಗೂ ಹೋದೆ. 2009ರಿಂದ ಕಲಾವಿದರು ಬಣ್ಣ ಹಚ್ಚಿ ಚೆಂದ ಮಾಡಿದ್ದಾರೆ. ಹಿಂದಿನ ಮನೆಗೆ ಬೆಳಕು ಅಡ್ಡ ಆಗದ ಹಾಗೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಮನೆಗಳು, ನೋಡಲು ಚೆನ್ನ. ಫೋಟೋಗೆ ಉದ್ದ ಸಾಲು. ಅರ್ಧ ಗಂಟೆ ಸಾಕಾಯಿತು.

ಇಳಿದು ಬರುವ ದಾರಿಯಲ್ಲಿ ಒಂದು ಇಟ್ಟಿಗೆ ಮನೆ. 1950ರಿಂದ 1953ರ ನಡುವೆ ಸಾವಿರ ದಿನಕ್ಕೂ ಹೆಚ್ಚು ಕಾಲ ಬೂಸಾನ್ ದೇಶದ ತಾತ್ಕಾಲಿಕ ರಾಜಧಾನಿಯಾಗಿತ್ತು. ಆಗ ಸಿಂಗ್‌ಮನ್ ರೀ ಇದ್ದದ್ದು ಈ ಮನೆಯಲ್ಲಿ. ಮೇಜು, ಕುರ್ಚಿ ಎಲ್ಲ ಒಪ್ಪವಾಗಿ ಇಟ್ಟಿದ್ದಾರೆ. ನನ್ನ ಕಣ್ಣಲ್ಲಿ ಇನ್ನೂ ಆ ಸಿಲಿಂಡರ್ ಕೆಳಗಿನ ಕಲ್ಲೇ ಇತ್ತು. ಬೇಗ ಹೊರಬಂದೆ.

ಮಧ್ಯಾಹ್ನ ಮಿಲ್‌ಮ್ಯೊನ್. ಮಿಲ್ ಅಂದರೆ ಗೋಧಿ. ಉತ್ತರದಿಂದ ಬಂದವರು ತಮ್ಮೂರಿನ ತಣ್ಣನೆಯ ಶಾವಿಗೆ ಮಾಡಲು ಹೊರಟರೆ ಅದಕ್ಕೆ ಬೇಕಾದ ಬಕ್‌ವೀಟ್ ಅನ್ನುವ ಕಾಳು ಇಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಅಮೆರಿಕದಿಂದ ಬಂದ ಪರಿಹಾರದ ಗೋಧಿಹಿಟ್ಟು. ಅದರಲ್ಲೇ ಮಾಡಿದರು. ಹಿಮದ ಚೂರು ತೇಲುವ ಸಾರು, ಮೇಲೆ ಕೆಂಪು ಮೆಣಸಿನ ಚಟ್ನಿ, ಅರ್ಧ ಮೊಟ್ಟೆ, ಸೌತೆಕಾಯಿ. ಶಾವಿಗೆಯನ್ನು ಕತ್ತರಿಯಿಂದ ಎರಡು ಸಲ ಕತ್ತರಿಸಿ ಕೊಟ್ಟರು. ಇಲ್ಲಿ ಒಬ್ಬರಿಗೂ ಕೊಡುತ್ತಾರೆ, ಯಾರೂ ಎರಡು ಬೆರಳು ತೋರಿಸಲಿಲ್ಲ. ಊರಿನ ರುಚಿಗಾಗಿ ಕೈಗೆ ಸಿಕ್ಕ ಹಿಟ್ಟನ್ನೇ ಒಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಸೋಲ್‌ನ ಕೋಣೆಯಲ್ಲಿ ಇಲ್ಲಿನ ಅಕ್ಕಿಹಿಟ್ಟಿನಲ್ಲಿ ನೀರ್‌ದೋಸೆ ಹೊಯ್ಯುವವಳು ನಾನು.

ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಮತ್ತೆ ಜಾಗಾಲ್ಚಿಗೆ ಹೋದೆ. ಇಮೋ ಗುರುತು ಹಿಡಿದು ಕೈ ಎತ್ತಿದರು. ಬಂಗುಡೆ ಮನೆಗೆ ಒಯ್ಯಬೇಕು ಅಂದೆ. ಪಕ್ಕದ ಬುಟ್ಟಿಯವರ ಹತ್ತಿರ ಅವರೇ ಕರೆದುಕೊಂಡು ಹೋದರು. ಊರಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಅಮ್ಮನಿಗೆ ವೀಡಿಯೊ ಕರೆ ಮಾಡಿದೆ. ಅಮ್ಮನೂ ಬುಟ್ಟಿಯ ಮುಂದೆಯೇ ಇದ್ದರು.

"ಎಂತ ಮೀನ್ ಅದ್? ಬಂಗ್ಡಿಯಾ?"

"ಹೌದಮ್ಮ, ಇಲ್ಲಿಂದು."

"ಬೆನ್ನ್ ತೋರ್ಸ್." ತೋರಿಸಿದೆ. "ನಮ್ ಬಂಗ್ಡಿ ಅಲ್ಲ ಮಗಾ. ಗೀಟ್ ಕಾಣ್, ಹಾವ್ ಹರ್ದಂಗೆ ಇತ್ತ್."

ನಿಜ. ಬೆನ್ನ ಮೇಲೆ ಅಡ್ಡಾದಿಡ್ಡಿ ಅಲೆಅಲೆಯ ಗೆರೆ. ನಮ್ಮ ಬಂಗುಡೆಗೆ ಉದ್ದಕ್ಕೆ ಸಾಲಾಗಿ ಚುಕ್ಕಿ ಇರುತ್ತದೆ. ಎರಡು ದಿನದಿಂದ ನೋಡುತ್ತಿದ್ದರೂ ನನಗೆ ಕಂಡಿರಲಿಲ್ಲ.

"ಒಮ್ಮಾ?" ಅಂತ ಇಮೋ ಕೇಳಿದರು. ಹೌದು ಅಂತ ತಲೆ ಆಡಿಸಿದೆ. ಫೋನಿಗೆ ಮುಖ ಹತ್ತಿರ ತಂದು ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ಅಮ್ಮನ ಬುಟ್ಟಿ ಕಂಡಿತು. ಇಬ್ಬರೂ ಒಂದು ಕ್ಷಣ ಸುಮ್ಮನಾದರು. ಇಮೋ ಒಂದು ಮೀನು ಎತ್ತಿ, ಕಿವಿರು ಬಿಡಿಸಿ, ಒಳಗಿನ ಕೆಂಪನ್ನು ಕ್ಯಾಮೆರಾಕ್ಕೆ ಹಿಡಿದರು. ಆ ಕಡೆಯಿಂದ ಅಮ್ಮನೂ ತಮ್ಮ ಬುಟ್ಟಿಯಿಂದ ಒಂದು ಎತ್ತಿ, ಅದೇ ಥರ ಕಿವಿರು ಬಿಡಿಸಿ ತೋರಿಸಿದರು.

"ತಾಜಾ ಇತ್ತ್" ಅಂದರು ಅಮ್ಮ. "ಎಷ್ಟಂಬ್ರ್?"

ನಾಲ್ಕು ಮೀನಿಗೆ ಹತ್ತು ಸಾವಿರ ವೊನ್, ನಮ್ಮ ಆರುನೂರು ರೂಪಾಯಿ ಚಿಲ್ಲರೆ ಅಂದೆ.

"ಜಾಸ್ತಿ ಆಯ್ತ್. ಇನ್ನೊಂದ್ ಹಾಕುಕೆ ಹೇಳ್."

ನನ್ನ ಅರೆಬರೆ ಕೊರಿಯನ್ನಿನಲ್ಲಿ, ಅಮ್ಮ ಇನ್ನೊಂದು ಕೇಳ್ತಿದ್ದಾರೆ ಅಂದೆ. ಬುಟ್ಟಿಯವರೂ ಇಮೋ ಕೂಡ ಜೋರಾಗಿ ನಕ್ಕರು. ಕೊಸರಿಗೆ ಇಲ್ಲಿ 'ದೊಮ್' ಅನ್ನುತ್ತಾರೆ. ಬುಟ್ಟಿಯವರು ಎಲ್ಲಕ್ಕಿಂತ ದಪ್ಪನೆಯ ಒಂದನ್ನು ಆರಿಸಿ, ಅಮ್ಮನಿಗೆ ಕಾಣುವ ಹಾಗೆ ಫೋನಿನ ಮುಂದೆ ಹಿಡಿದು, "ದೊಮ್!" ಅಂತ ಕೂಗಿ ಡಬ್ಬಿಗೆ ಹಾಕಿದರು. ಮೇಲೆ ಎರಡು ಹಿಡಿ ಐಸು.